ಫ್ರೇಮ್ ಕೊನೆಗೆ ಬರಲಿ: ಅಳತೆ ಕೊಟ್ಟು ಆಫೀಸ್ ಸೈಕಲ್ ಮಾಡಿಸುವವರಿಗೆ

ಪ್ರಶ್ನೆ: ನನ್ನ ಎತ್ತರ 5 ಅಡಿ 1 ಇಂಚು. ಬನಶಂಕರಿ ಎರಡನೇ ಹಂತದಿಂದ ಕೋರಮಂಗಲದ ಆಫೀಸಿಗೆ ಸೈಕಲ್‌ನಲ್ಲೇ ಹೋಗಿಬರುತ್ತೇನೆ. ಒಂದು ಕಡೆಗೆ ಸುಮಾರು 9 ಕಿ.ಮೀ. ಈಗಿರುವುದು ಅಂಗಡಿಯ ಹೈಬ್ರಿಡ್, ಇದ್ದುದರಲ್ಲೇ ಚಿಕ್ಕ ಸೈಜು. ಆದರೂ ಮಣಿಕಟ್ಟು, ಕುತ್ತಿಗೆ ನೋವು ಬಿಟ್ಟಿಲ್ಲ. ಸಿಗ್ನಲ್ ಹತ್ತಿರ ನಿಧಾನವಾಗಿ ತಿರುಗಿಸುವಾಗ ಶೂ ಮುಂದಿನ ಚಕ್ರಕ್ಕೆ ತಾಗುತ್ತದೆ. ಲ್ಯಾಪ್‌ಟಾಪ್ ಬೆನ್ನ ಮೇಲೆ. ಹೆಚ್ಚಾಗಿ ಚೂಡಿದಾರ್ ಹಾಕುತ್ತೇನೆ. ನನ್ನ ಅಳತೆಗೇ ಒಂದು ಸೈಕಲ್ ಮಾಡಿಸೋಣ ಅಂದುಕೊಂಡಿದ್ದೇನೆ. ಸಸ್ಪೆನ್ಷನ್ ಬೇಕಾ? ಸ್ಟೀಲಾ, ಅಲ್ಯುಮಿನಿಯಮ್ಮಾ? ಮಾಡುವವರಿಗೆ ಏನಂತ ಹೇಳಬೇಕು?

ಉತ್ತರ: ಮಾಡಿಸಿ. ಎಲ್ಲರಿಗೂ ಹೀಗೆ ಹೇಳುವುದಿಲ್ಲ. ಐದೂವರೆ ಅಡಿಗಿಂತ ಸ್ವಲ್ಪ ಎತ್ತರ ಇರುವವರು ಕೇಳಿದರೆ, ಇರೋ ಸೈಕಲ್‌ಗೇ ಹ್ಯಾಂಡಲ್, ಟೈರು, ಸೀಟು ಬದಲಿಸಿಕೊಳ್ಳಿ ಎಂದು ಕಳಿಸಿಬಿಡುತ್ತೇನೆ. ಕಂಪನಿಗಳು ಸೈಕಲ್ ರೂಪಿಸುವುದೇ ಆ ಎತ್ತರದವರನ್ನು ಮನಸ್ಸಿನಲ್ಲಿಟ್ಟುಕೊಂಡು. ಚಿಕ್ಕ ಸೈಜು ಮಾಡುವಾಗ ಪೈಪುಗಳನ್ನು ಗಿಡ್ಡ ಮಾಡುತ್ತಾರೆ, ಅಷ್ಟೇ. ಚಕ್ರ ಅದೇ ದೊಡ್ಡ 700ಸಿ ಅಳತೆಯದು, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಅದೇ 170 ಮಿ.ಮೀ., ಹ್ಯಾಂಡಲ್ ಅದೇ ಅಗಲ. ನಿಮ್ಮ ಶೂ ಚಕ್ರಕ್ಕೆ ತಾಗುವುದು ನಿಮ್ಮ ತಪ್ಪಲ್ಲ. ಆ ಚಕ್ರ, ಆ ಕ್ರ್ಯಾಂಕು ಅಷ್ಟು ಚಿಕ್ಕ ಫ್ರೇಮಿನಲ್ಲಿ ಹಿಡಿಸುವುದೇ ಇಲ್ಲ.

ಆದರೆ ಸ್ಟೀಲಾ, ಅಲ್ಯುಮಿನಿಯಮ್ಮಾ ಎಂಬಲ್ಲಿಂದ ಶುರು ಮಾಡಬೇಡಿ. ಹೆಚ್ಚಿನವರು ಹಾಗೇ ಬರುತ್ತಾರೆ: ಕೈಯಲ್ಲಿ ಒಂದು ಫೋಟೋ, ಬಾಯಲ್ಲಿ ಒಂದು ಪೈಪಿನ ಹೆಸರು, ಮನಸ್ಸಿನಲ್ಲಿ ಒಂದು ಬಣ್ಣ. ಮೊದಲು ನೀವು ಹೇಗೆ ಕೂರುತ್ತೀರಿ ಎನ್ನುವುದು ತೀರ್ಮಾನವಾಗಬೇಕು. ಆಮೇಲೆ ಟೈರು. ಆಮೇಲೆ ಲಗೇಜು. ಈ ಮೂರನ್ನೂ ಕಾಗದದ ಮೇಲೆ ಇಟ್ಟಾದ ಮೇಲೆ ಅವನ್ನು ಸೇರಿಸುವ ಗೆರೆಗಳನ್ನು ಎಳೆದರೆ ಅದೇ ಫ್ರೇಮ್.

ಕೂರುವ ಭಂಗಿಗೆ ಮೊದಲು ಒಂದು ಅಳತೆ ಬೇಕು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕವನ್ನು ತೊಡೆಸಂದಿಗೆ ಸೀಟಿನ ಹಾಗೆ ಒತ್ತಿ ಹಿಡಿಯಿರಿ. ಅದರ ಮೇಲಂಚಿನಿಂದ ನೆಲದವರೆಗೆ ಎಷ್ಟು? ನಿಮ್ಮ ಎತ್ತರದವರಿಗೆ 71 ಸೆಂ.ಮೀ. ಆಸುಪಾಸು ಬರುತ್ತದೆ. ಇದನ್ನು 0.883ರಿಂದ ಗುಣಿಸುವ ಹಳೆಯ ಲೆಕ್ಕ ಒಂದಿದೆ. ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಅಚ್ಚು ಕೂರುವ ಜಾಗ) ಮಧ್ಯದಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ, ಇಲ್ಲಿ 62.7 ಸೆಂ.ಮೀ. ಇದು ರೇಸ್ ಓಡಿಸುವವರಿಂದ ಬಂದ ಲೆಕ್ಕ, ಉದ್ದ ಕ್ರ್ಯಾಂಕಿಗೆ ಹೊಂದುವಂಥದ್ದು. ನೆಟ್ಟಗೆ ಕೂತು ಆಫೀಸಿಗೆ ಹೋಗುವವರಿಗೆ ಇದು ಶುರುವಿನ ಅಂದಾಜು ಮಾತ್ರ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಕಾಲು ಪೂರ್ತಿ ನೇರವಾಗಬೇಕು. ಹಾಗಾದರೆ ಸೀಟು ಸರಿಯಾದ ಎತ್ತರದ ಹತ್ತಿರ ಇದೆ ಎಂದು ತಿಳಿಯಿರಿ.

ಇನ್ನು ಕ್ರ್ಯಾಂಕ್. 170 ಮಿ.ಮೀ. ಕ್ರ್ಯಾಂಕ್ ನಿಮ್ಮ ಕಾಲಿಗೆ ಜಾಸ್ತಿ. ಪೆಡಲ್ ಮೇಲೆ ಬಂದಾಗ ಮಂಡಿ ವಿಪರೀತ ಮಡಚಿಕೊಳ್ಳುತ್ತದೆ, ಸೊಂಟವೂ ಜೊತೆಗೆ ಆ ಕಡೆ ಈ ಕಡೆ ತೂಗುತ್ತದೆ. 155 ಮಿ.ಮೀ. ಹಾಕಿಸಿ, ಸಿಗದಿದ್ದರೆ 160. ಇದೊಂದು ಬದಲಾವಣೆಯ ಹಿಂದೆ ಎಷ್ಟು ಸಂಗತಿ ಸರಿಹೋಗುತ್ತವೆ ನೋಡಿ. ಪೆಡಲ್ ಕೆಳಗೆ ಹೋಗುವುದು 15 ಮಿ.ಮೀ. ಕಡಿಮೆಯಾಯಿತು. ಕಾಲು ಅಷ್ಟೇ ಚಾಚಬೇಕು ಅಂದರೆ ಸೀಟನ್ನು 15 ಮಿ.ಮೀ. ಏರಿಸಬೇಕು. ಅಯ್ಯೋ, ಮೊದಲೇ ನೆಲ ಸಿಗಲ್ಲ ಅನ್ನುತ್ತೀರಿ, ಅಲ್ವಾ? ಆದರೆ ಪೆಡಲ್ ನೆಲಕ್ಕೆ ತಾಗುವ ಭಯವೂ ಅಷ್ಟೇ ಕಡಿಮೆಯಾಗಿದೆ. ಹಾಗಾಗಿ ಬಾಟಮ್ ಬ್ರಾಕೆಟನ್ನೇ 15 ಮಿ.ಮೀ. ಕೆಳಗಿಳಿಸಬಹುದು. 28 ಸೆಂ.ಮೀ. ಎತ್ತರದಲ್ಲಿ ಇರುವುದು 26.5ಕ್ಕೆ ಬರುತ್ತದೆ. ಸೀಟು ನೆಲದಿಂದ ಮೊದಲಿನಷ್ಟೇ ಎತ್ತರದಲ್ಲಿ ಉಳಿಯಿತು, ಮಂಡಿಗೆ ಆರಾಮವಾಯಿತು. ರೆಡಿಮೇಡ್ ಸೈಕಲ್‌ಗೆ ಗಿಡ್ಡ ಕ್ರ್ಯಾಂಕ್ ಹಾಕಬಹುದು, ಬಾಟಮ್ ಬ್ರಾಕೆಟ್ ಇಳಿಸಲಾಗದು. ಕಸ್ಟಮ್‌ಗೆ ಕೊಡುವ ದುಡ್ಡು ಇಂಥದ್ದಕ್ಕೆ.

ಸೀಟಿನ ಮೇಲೆ ಕೂತೇ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು ಎಂದು ಮಾತ್ರ ಕೇಳಬೇಡಿ. ನಿಮ್ಮ ಸೀಟು ನೆಲದಿಂದ 86–88 ಸೆಂ.ಮೀ. ಮೇಲಿರುತ್ತದೆ, ಕಾಲು 71. ಪೆಡಲ್‌ಗಳನ್ನು ತೀರಾ ಮುಂದಕ್ಕೆ ತಳ್ಳಿ ಇದನ್ನು ಸಾಧಿಸುವ ವಿನ್ಯಾಸವೇನೋ ಇದೆ. ಅದರಲ್ಲಿ ಏರು ಹತ್ತುವುದು ಕಷ್ಟ. ನಿಮಗೋ ಸಂಜೆ ಮನೆಗೆ ಬರುವ ದಾರಿ ಏರು. ಕೋರಮಂಗಲ ಇರುವುದು ಬೆಳ್ಳಂದೂರು ಕೆರೆಯ ಕಡೆಗೆ ಇಳಿಯುವ ಕಣಿವೆಯಲ್ಲಿ. ಜಯನಗರ, ಬನಶಂಕರಿ ದಿಣ್ಣೆಯ ಕಡೆ. ಬೆಂಗಳೂರು ಸಪಾಟು ಊರು ಅಂತ ಕಾರಿನಲ್ಲಿ ಓಡಾಡುವವರು ಅಂದುಕೊಂಡಿರುತ್ತಾರೆ. ಆದ್ದರಿಂದ ಸೀಟ್ ಟ್ಯೂಬ್ (ಸೀಟಿನ ಪೈಪು) ಕೋನ 71–72 ಡಿಗ್ರಿ ಇರಲಿ. ಸಿಗ್ನಲ್‌ನಲ್ಲಿ ಸೀಟಿನಿಂದ ಮುಂದಕ್ಕೆ ಜಾರಿ ನಿಲ್ಲುವ ಅಭ್ಯಾಸ ಮಾಡಿಕೊಳ್ಳಿ. ಅದಕ್ಕೆ ಮೇಲಿನ ಪೈಪು ತಗ್ಗಾಗಿರಬೇಕು. ಅದರ ವಿಷಯ ಆಮೇಲೆ ಹೇಳುತ್ತೇನೆ.

ನಿಮ್ಮ ಮಣಿಕಟ್ಟಿನ ನೋವಿಗೆ ಎರಡು ಕಾರಣ ಇರಬಹುದು. ಹ್ಯಾಂಡಲ್ ದೂರ ಮತ್ತು ತಗ್ಗು, ಹಾಗಾಗಿ ಮೈಯ ಭಾರ ಕೈಗೆ ಬೀಳುತ್ತದೆ. ಎರಡನೆಯದು, ಅದು ಕೋಲಿನ ಹಾಗೆ ನೆಟ್ಟಗಿದೆ. ಕೈಯನ್ನು ಸುಮ್ನೆ ಮುಂದೆ ಚಾಚಿ ನೋಡಿ. ಅಂಗೈ ನೇರ ಕೆಳಗೆ ನೋಡುವುದಿಲ್ಲ, ಸ್ವಲ್ಪ ಒಳಕ್ಕೆ ತಿರುಗಿರುತ್ತದೆ. ನೇರ ಹ್ಯಾಂಡಲ್ ಹಿಡಿದಾಗ ಮಣಿಕಟ್ಟನ್ನು ಬಲವಂತವಾಗಿ ಹೊರಕ್ಕೆ ಮುರಿದ ಹಾಗಾಗುತ್ತದೆ. 30ರಿಂದ 45 ಡಿಗ್ರಿ ಹಿಂದಕ್ಕೆ ಬಾಗಿದ ಹ್ಯಾಂಡಲ್ ಹಾಕಿಸಿ. ಹಿಡಿಕೆ ಸೀಟಿಗಿಂತ 3–5 ಸೆಂ.ಮೀ. ಮೇಲಿರಲಿ. ಅಗಲ 58ರಿಂದ 60 ಸೆಂ.ಮೀ. ಸಾಕು. ಅದಕ್ಕಿಂತ ಅಗಲವಾದರೆ ಬಸ್ಸಿಗೂ ಆಟೋಗೂ ನಡುವಿನ ಸಂದಿಯಲ್ಲಿ ನೀವೇ ಬೈದುಕೊಳ್ಳುತ್ತೀರಿ.

ತೀರಾ ನೆಟ್ಟಗೆ, ಕುರ್ಚಿಯ ಮೇಲೆ ಕೂತ ಹಾಗೆ ಕೂರಿಸುವುದೂ ಒಳ್ಳೆಯದಲ್ಲ. ಆಗ ಎಲ್ಲ ಭಾರ ಸೀಟಿಗೇ ಬೀಳುತ್ತದೆ, ಪ್ರತಿ ಹಂಪಿನ ಏಟು ನೇರ ಬೆನ್ನುಮೂಳೆಗೆ. ಬೆನ್ನು ನೆಲಕ್ಕೆ ಸುಮಾರು 60 ಡಿಗ್ರಿ ಇದ್ದರೆ ಒಂಬತ್ತು ಕಿಲೋಮೀಟರಿಗೆ ಹದ. ಇಷ್ಟು ನೆಟ್ಟಗೆ ಕೂತಾಗ ಸೊಂಟ ಹಿಂದಕ್ಕೆ ವಾಲಿ ಕೂರುವ ಮೂಳೆಗಳ ಅಗಲವಾದ ಭಾಗ ಸೀಟಿಗೆ ತಾಗುತ್ತದೆ. ಹಾಗಾಗಿ ರೇಸ್ ಸೈಕಲ್ಲಿನ ಸಣ್ಣ ಸೀಟು ಇಲ್ಲಿ ನಡೆಯಲ್ಲ. ಕೊರಿಯರ್ ಡಬ್ಬದ ರಟ್ಟಿನ ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು ಅದರ ಮೇಲೆ ಕೂತು ಏಳಿ. ಎರಡು ಗುಂಡಿ ಬೀಳುತ್ತವೆ. ಅವುಗಳ ನಡುವಿನ ಅಂತರ ಅಳೆದು, ಅದಕ್ಕಿಂತ ಒಂದೆರಡು ಇಂಚು ಅಗಲದ ಸೀಟು ಹುಡುಕಿ. ಮೆತ್ತಗಿನ ಜೆಲ್ ಸೀಟು ಅಂಗಡಿಯಲ್ಲಿ ಬೆರಳಿನಿಂದ ಒತ್ತಿದಾಗ ಚೆನ್ನಾಗಿರುತ್ತದೆ. ಡೇರಿ ಸರ್ಕಲ್ ದಾಟುವಷ್ಟರಲ್ಲಿ ಅದರೊಳಗೆ ಹೂತುಹೋಗಿ ಬೇಡದ ಕಡೆಯೆಲ್ಲ ಒತ್ತುತ್ತದೆ.

ಈಗ ಚಕ್ರ. ನಿಮ್ಮ ವಿಷಯದಲ್ಲಿ ಇದೇ ದೊಡ್ಡ ತೀರ್ಮಾನ.

ಶೂ ತಾಗದಿರಬೇಕಾದರೆ ಬಾಟಮ್ ಬ್ರಾಕೆಟ್‌ನಿಂದ ಮುಂದಿನ ಚಕ್ರದ ಅಚ್ಚಿನವರೆಗೆ ಎಷ್ಟು ಜಾಗ ಬೇಕು? ಚಕ್ರದ ಅರ್ಧ ವ್ಯಾಸ, ಮಡ್‌ಗಾರ್ಡ್, ಪೆಡಲ್ ಅಚ್ಚಿನಿಂದ ಮುಂದೆ ಚಾಚುವ ಶೂ, ಕ್ರ್ಯಾಂಕ್ ಉದ್ದ, ಇಷ್ಟನ್ನು ಕೂಡಿಸಿ. 40 ಮಿ.ಮೀ. ಟೈರಿನ 700ಸಿ ಚಕ್ರ, 170ರ ಕ್ರ್ಯಾಂಕ್ ಇದ್ದರೆ 351, 15, 90, 170 ಸೇರಿ 626 ಮಿ.ಮೀ. ನಿಮ್ಮ ಎತ್ತರಕ್ಕೆ ಅಷ್ಟು ಉದ್ದದ ಫ್ರೇಮ್ ಮಾಡಿದರೆ ಹ್ಯಾಂಡಲ್ ಕೈಗೇ ಸಿಗಲ್ಲ. ಅದೇ 26 ಇಂಚಿನ ಚಕ್ರಕ್ಕೆ 50 ಮಿ.ಮೀ. ಟೈರು, 155ರ ಕ್ರ್ಯಾಂಕ್ ಹಾಕಿದರೆ 330, 15, 90, 155, ಒಟ್ಟು 590. ಇದು ಸಾಧ್ಯ. ಹ್ಯಾಂಡಲ್ ಹಿಂದಕ್ಕೆ ಬಾಗಿರುವುದರಿಂದ ಫ್ರೇಮಿನ ಮುಂಭಾಗವನ್ನು ಸ್ವಲ್ಪ ಉದ್ದ ಬಿಟ್ಟರೂ ಹಿಡಿಕೆ ನಿಮ್ಮ ಹತ್ತಿರಕ್ಕೇ ಬರುತ್ತದೆ. ಬಾಗಿದ ಹ್ಯಾಂಡಲ್ಲಿನ ಇನ್ನೊಂದು ಲಾಭ ಇದು.

26 ಇಂಚು ಅಂದರೆ ಮಕ್ಕಳ ಸೈಕಲ್ ಅಂತ ಮುಖ ಸಣ್ಣ ಮಾಡಬೇಡಿ. ರಿಮ್ಮಿನ ವ್ಯಾಸ 559 ಮಿ.ಮೀ. ಅದರ ಎರಡೂ ಬದಿಗೆ 50 ಮಿ.ಮೀ. ಟೈರು ಸೇರಿದರೆ ಒಟ್ಟು 659. 700ಸಿಯ 622 ಮಿ.ಮೀ. ರಿಮ್ಮಿಗೆ 32 ಮಿ.ಮೀ. ಟೈರು ಹಾಕಿದರೆ 686. ವ್ಯತ್ಯಾಸ ಮೂರು ಸೆಂಟಿಮೀಟರೂ ಇಲ್ಲ. ಜೊತೆಗೆ 26ರ ಟ್ಯೂಬು, ಟೈರು ಬೆಂಗಳೂರಿನ ಯಾವ ಮೂಲೆಯ ಸೈಕಲ್ ಶಾಪಿನಲ್ಲೂ ಸಿಗುತ್ತದೆ. ಹಳೆಯ ಎಂ.ಟಿ.ಬಿ.ಗಳೆಲ್ಲ (ಮೌಂಟನ್ ಬೈಕ್) ಓಡಿದ್ದು ಅದರ ಮೇಲೇ. ಗುಬಟು ಗುಬಟಿನ ಟೈರು ಮಾತ್ರ ಬೇಡ. ನುಣುಪು ಮೈಯ, 1.75ರಿಂದ 2 ಇಂಚು ಅಗಲದ್ದು ಕೇಳಿ.

ಸಸ್ಪೆನ್ಷನ್ ಬೇಕಾ ಎಂಬ ಪ್ರಶ್ನೆಗೆ ಉತ್ತರ ಈ ಟೈರಿನಲ್ಲೇ ಇದೆ. ಬೇಡ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಲ್ಲಿ ಹಂಪ್ ಎಂದರೆ 3.7 ಮೀಟರ್ ಉದ್ದಕ್ಕೆ ಹರಡಿದ, ನಡುವೆ 10 ಸೆಂ.ಮೀ. ಎತ್ತರದ ದುಂಡನೆಯ ಉಬ್ಬು. ನಮ್ಮ ಅಡ್ಡರಸ್ತೆಗಳಲ್ಲಿ ಇರುವುದು ಅದೇ ಎತ್ತರವನ್ನು ಎರಡು ಹೆಜ್ಜೆಯೊಳಗೆ ಮುಗಿಸಿಬಿಟ್ಟ ಗೋಡೆ. ಇದರ ಜೊತೆಗೆ ವೈಟ್‌ಟಾಪಿಂಗ್ ಕಾಂಕ್ರೀಟಿನ ಅಂಚಿನ ಮೆಟ್ಟಿಲು, ರಸ್ತೆಗಿಂತ ತಗ್ಗಿಗೆ ಇಳಿದ ಮ್ಯಾನ್‌ಹೋಲ್ ಮುಚ್ಚಳ, ಉದ್ದುದ್ದ ಸೀಳಿರುವ ಚರಂಡಿ ಜಾಲರಿ. ಅಗಲ ಟೈರಿನಲ್ಲಿ ಗಾಳಿ ಹದವಾಗಿದ್ದರೆ ಇದರಲ್ಲಿ ಬಹುಪಾಲನ್ನು ಅದೇ ನುಂಗಿಕೊಳ್ಳುತ್ತದೆ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಬರುವ ಸಸ್ಪೆನ್ಷನ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಎರಡು ಕಿಲೋ ಮೀರಿ ತೂಗುತ್ತದೆ. ಸಣ್ಣ ಅದುರಿಗೆ ಅಲುಗುವುದೇ ಇಲ್ಲ. ಏರಿನಲ್ಲಿ ಎದ್ದು ತುಳಿದಾಗ ಮಾತ್ರ ಚೆನ್ನಾಗಿ ಕುಣಿಯುತ್ತದೆ. ಎರಡು ಮಳೆಗಾಲಕ್ಕೆ ಒಳಗೆ ತುಕ್ಕು.

ಗಾಳಿ ಎಷ್ಟು? ನಿಮ್ಮ ತೂಕ 55–60 ಕೆ.ಜಿ. ಎಂದುಕೊಂಡರೆ, 50 ಮಿ.ಮೀ. ಟೈರಿಗೆ ಹಿಂದೆ 40 ಪಿ.ಎಸ್.ಐ., ಮುಂದೆ 35 ಇಟ್ಟು ನೋಡಿ. ಟೈರಿನ ಮೇಲೆ ಅಚ್ಚಾಗಿರುವ ಗರಿಷ್ಠ ಅಂಕಿಯವರೆಗೂ ತುಂಬಿಸಿಕೊಂಡು, ಆಮೇಲೆ ಸೈಕಲ್ ಎಗರುತ್ತೆ ಅಂತ ಬೈಯುವವರನ್ನು ಬಹಳ ನೋಡಿದ್ದೇನೆ. ದಪ್ಪ ಟೈರು ಎಳೆಯುತ್ತೆ, ಸ್ಪೀಡು ಬರಲ್ಲ ಎನ್ನುವ ಮಾತೂ ಕೇಳಿಬರುತ್ತದೆ. ಒಂದೇ ಗಾಳಿ ಒತ್ತಡದಲ್ಲಿ ಹೋಲಿಸಿದರೆ ಅಗಲ ಟೈರೇ ಹಗುರವಾಗಿ ಉರುಳುತ್ತದೆ. ಎಳೆಯುವುದು ಅಗಲವಲ್ಲ, ಒರಟು ಗುಬಟು ಮತ್ತು ದಪ್ಪ ರಬ್ಬರು.

ಲಗೇಜಿಗೆ ಬರೋಣ. ಲ್ಯಾಪ್‌ಟಾಪ್ ಬೆನ್ನಿನಿಂದ ಇಳಿಯಲಿ. ಕುತ್ತಿಗೆ ನೋವಿನಲ್ಲಿ ಅದರದೂ ಪಾಲಿದೆ, ಬೆವರಿನಲ್ಲಂತೂ ಇದ್ದೇ ಇದೆ. ಹಿಂದಿನ ಕ್ಯಾರಿಯರ್‌ನ ಪಕ್ಕಕ್ಕೆ ತೂಗುಬಿಡುವ ಬ್ಯಾಗು ಒಳ್ಳೆಯದು. ಅದಕ್ಕೆ ಹಿಮ್ಮಡಿ ತಾಗಬಾರದು. ಅಂದರೆ ಬಾಟಮ್ ಬ್ರಾಕೆಟ್‌ನಿಂದ ಹಿಂದಿನ ಅಚ್ಚಿನವರೆಗೆ 44 ಸೆಂ.ಮೀ. ಇರಲಿ. ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡ್, ನೀರಿನ ಬಾಟಲಿ, ಇವಕ್ಕೆಲ್ಲ ಬೇಕಾದ ತೂತು, ಕಿವಿ, ತಟ್ಟೆಗಳನ್ನು ಬೆಸುಗೆ ಹಾಕುವಾಗಲೇ ಕೂರಿಸಬೇಕು. ಆಮೇಲೆ ಕ್ಲಾಂಪ್ ಹಾಕಿಕೊಂಡರಾಯಿತು ಅಂದರೆ ಅದು ಗಡಗಡ ಅನ್ನುತ್ತಲೇ ಇರುತ್ತದೆ. ಮಡ್‌ಗಾರ್ಡ್ ಉದ್ದನೆಯದು ಬೇಕು. ಮುಂದಿನದಕ್ಕೆ ನೆಲದ ಹತ್ತಿರದವರೆಗೂ ಇಳಿಯುವ ರಬ್ಬರ್ ಪಟ್ಟಿ. ಸೆಪ್ಟೆಂಬರ್ ಸಂಜೆ ಮಳೆಯಲ್ಲಿ ಶೂ ಒದ್ದೆಯಾಗುವುದು ಆಕಾಶದಿಂದ ಬೀಳುವ ನೀರಿಗಿಂತ ಮುಂದಿನ ಚಕ್ರ ಎರಚುವ ನೀರಿನಿಂದಲೇ ಜಾಸ್ತಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಬಿಟ್ಟರೆ ಕೆಸರು ತುಂಬಿ ಕೂತುಬಿಡುತ್ತದೆ.

ಇಷ್ಟೆಲ್ಲ ಆದ ಮೇಲೆ ಫ್ರೇಮ್. ನಿಮಗೆ ಸ್ಟೀಲೇ ಸರಿ, 4130 ಕ್ರೋಮೋಲಿ ಎಂಬ ಮಿಶ್ರ ಉಕ್ಕು. ಸ್ಟೀಲ್ ಮೃದುವಾಗಿ ಓಡುತ್ತದೆ ಎಂಬ ನಂಬಿಕೆಯಿಂದ ಹೇಳುತ್ತಿಲ್ಲ. ಫ್ರೇಮ್ ಮೇಲೆ ಕೆಳಗೆ ಬಾಗುವುದು ಅತ್ಯಲ್ಪ, ಟೈರು ಬಾಗುವುದರ ಮುಂದೆ ಅದು ಲೆಕ್ಕಕ್ಕೇ ಬರಲ್ಲ. ಸ್ಟೀಲ್ ಯಾಕೆ ಅಂದರೆ ಒಂದೇ ಒಂದು ಸೈಕಲ್ ಕಟ್ಟಲು ಅದು ಸುಲಭ, ಬಿದ್ದು ಬಾಗಿದರೆ ರಿಪೇರಿ ಆಗುತ್ತದೆ, ನಿಮಗೆ ಬೇಕಾದ ಕಿವಿ ತೂತುಗಳನ್ನೆಲ್ಲ ಸುಲಭವಾಗಿ ಬೆಸೆಯಬಹುದು. ಅಲ್ಯುಮಿನಿಯಮ್‌ಗೆ ಬೆಸುಗೆಯ ನಂತರ ಉಷ್ಣ ಸಂಸ್ಕಾರ ಬೇಕು, ಒಂದು ಫ್ರೇಮಿಗಾಗಿ ಅದು ತಲೆನೋವು. ಕಾರ್ಬನ್ ಮಾತೇ ಬೇಡ. ನೀವು ಹಗುರ ಇರುವುದರಿಂದ ಪೈಪುಗಳೂ ತೆಳ್ಳಗಿರಲಿ. ಕೆಳಗಿನ ಪೈಪು 28.6 ಮಿ.ಮೀ. ಸಾಕು. ದಪ್ಪ ಪೈಪು ನೋಡಲು ಗಟ್ಟಿಮುಟ್ಟು, ಆದರೆ 90 ಕಿಲೋ ತೂಕದವರಿಗೆ ಮಾಡಿದ್ದನ್ನು ನೀವು ಯಾಕೆ ತುಳಿಯಬೇಕು?

ಚೂಡಿದಾರ್‌ಗಾಗಿ, ಸಿಗ್ನಲ್‌ನಲ್ಲಿ ಇಳಿಯುವುದಕ್ಕಾಗಿ ಮೇಲಿನ ಪೈಪು ತಗ್ಗಬೇಕು ಅಂದೆನಲ್ಲ. ಹಳೆಯ ಲೇಡೀಸ್ ಸೈಕಲ್ ಥರ ಪೂರ್ತಿ ಬಗ್ಗಿಸಿದರೆ ಹತ್ತಿಳಿಯಲು ಸುಲಭ, ಆದರೆ ಕ್ಯಾರಿಯರ್ ಮೇಲೆ ಭಾರ ಬಿದ್ದಾಗ ಫ್ರೇಮ್ ತಿರುಚುತ್ತದೆ, ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ. ನಡುವಿನ ದಾರಿಯೊಂದಿದೆ, ಮಿಕ್ಸ್ಟ್ ಎನ್ನುತ್ತಾರೆ. ಮೇಲಿನ ಒಂದು ಪೈಪಿನ ಬದಲು ಎರಡು ಸಣ್ಣ ಪೈಪುಗಳು ಹ್ಯಾಂಡಲ್ ಬುಡದಿಂದ ಹೊರಟು, ಸೀಟಿನ ಪೈಪಿನ ಎರಡೂ ಬದಿಗೆ ಹಾದು, ನೇರ ಹಿಂದಿನ ಅಚ್ಚಿನವರೆಗೆ ಹೋಗುತ್ತವೆ. ತಗ್ಗೂ ಹೌದು, ತಿರುಚುವುದೂ ಕಡಿಮೆ. ಮಾಡುವವರಿಗೆ ಕೆಲಸ ಜಾಸ್ತಿ, ಹಾಗಾಗಿ ರೇಟೂ ಜಾಸ್ತಿ ಹೇಳಬಹುದು. ಕೊಡಿ. ಜೊತೆಗೆ ಚೈನಿಗೆ ಕವರ್ ಇರಲಿ.

ಹ್ಯಾಂಡಲ್ ಹಿಡಿತ ಸಮಾಧಾನವಾಗಿರಬೇಕಾದರೆ ಹೆಡ್ ಟ್ಯೂಬ್ (ಹ್ಯಾಂಡಲ್ ಬುಡದ ಪೈಪು) ಕೋನ 71 ಡಿಗ್ರಿ, ಫೋರ್ಕ್ ಬಾಗು 50 ಮಿ.ಮೀ. ಎಂದು ಹೇಳಿ. ನಿಮ್ಮ ಚಕ್ರಕ್ಕೆ ಟ್ರೇಲ್, ಅಂದರೆ ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಟೈರು ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆ ಎಂಬುದು, ಸುಮಾರು 61 ಮಿ.ಮೀ. ಬರುತ್ತದೆ. ನಿಧಾನಕ್ಕೆ ಹೋಗುವಾಗ ತಡಕಾಡಿಸದ, ಗುಂಡಿಗೆ ಬಿದ್ದಾಗ ಕೈ ತಪ್ಪಿಸದ ಅಳತೆ ಅದು. ಹಾಲಿನವರು, ಪೋಸ್ಟ್‌ಮ್ಯಾನ್‌ಗಳು ಓಡಿಸುತ್ತಿದ್ದ ಕಪ್ಪು ಸೈಕಲ್‌ಗಳಲ್ಲಿ ಈ ಕೋನ ಇನ್ನೂ ವಾಲಿ 68ರ ಹತ್ತಿರ ಇರುತ್ತಿತ್ತು. ಉದ್ದ ಮೈ, ಸ್ಪ್ರಿಂಗ್ ಸೀಟು, ಹಿಂದಕ್ಕೆ ಬಾಗಿದ ಹ್ಯಾಂಡಲ್. 20 ಕಿಲೋ ತೂಕ ಒಂದನ್ನು ಬಿಟ್ಟರೆ, ಆರಾಮ ಎಂದರೇನು ಎಂಬುದು ಅದನ್ನು ರೂಪಿಸಿದವರಿಗೆ ಚೆನ್ನಾಗಿ ಗೊತ್ತಿತ್ತು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಗೇರು: ಮುಂದೆ 34 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 34 ಹಲ್ಲಿನವರೆಗಿನ ಚಕ್ರಗಳು. ನಿಮಿಷಕ್ಕೆ 70 ಸುತ್ತು ತುಳಿದರೆ ಅತಿ ಹಗುರ ಗೇರಿನಲ್ಲಿ ಗಂಟೆಗೆ 8.7 ಕಿ.ಮೀ., ಅತಿ ಭಾರದಲ್ಲಿ 27 ಕಿ.ಮೀ. ನಮ್ಮ ಟ್ರಾಫಿಕ್‌ನಲ್ಲಿ ಇದಕ್ಕಿಂತ ವೇಗ ಎಲ್ಲಿ ಹೋಗುತ್ತೀರಿ? ನಿಂತಲ್ಲೇ ಗೇರ್ ಬದಲಿಸಬಹುದಾದ, ಹಬ್ಬಿನ (ಚಕ್ರದ ನಡುವಿನ ಭಾಗದ) ಒಳಗೇ ಕೂರುವ ಹಬ್ ಗೇರ್ ಕೂಡ ಇದೆ. ಶಿಮಾನೋ ನೆಕ್ಸಸ್ 8ರ ಹರವು (ಅತಿ ಹಗುರ ಗೇರಿಗೆ ಹೋಲಿಸಿದರೆ ಅತಿ ಭಾರದ್ದು ಎಷ್ಟು ಎಂಬುದು) 307%. ಮೇಲಿನ ಸಾಮಾನ್ಯ ವ್ಯವಸ್ಥೆಯ ಹರವು 309%. ಕೆಟ್ಟರೆ ಬಿಚ್ಚಿ ಸರಿಮಾಡುವವರು ಇಲ್ಲಿ ಕಡಿಮೆ ಇರುವುದರಿಂದ ನಾನು ಸಾಮಾನ್ಯದ್ದನ್ನೇ ಹೇಳುತ್ತೇನೆ. ಬ್ರೇಕು: ಹೈಡ್ರಾಲಿಕ್ ಡಿಸ್ಕ್, 160 ಮಿ.ಮೀ. ಚಿಕ್ಕ ಕೈಗೆ ಲಿವರ್ ಹಗುರ, ಮಳೆಯಲ್ಲೂ ನಂಬಬಹುದು. ಲಿವರ್ ಹತ್ತಿರಕ್ಕೆ ತರುವ ಸ್ಕ್ರೂ ಇರುವುದನ್ನೇ ತೆಗೆದುಕೊಳ್ಳಿ. ಲೈಟು: ಮುಂದಿನ ಹಬ್ಬಿನಲ್ಲೇ 6 ವೋಲ್ಟ್, 3 ವ್ಯಾಟ್ ಡೈನಮೋ ಹಾಕಿಸಿದರೆ ಚಾರ್ಜ್ ಮರೆತೆ ಎನ್ನುವ ಮಾತಿಲ್ಲ. ಬಜೆಟ್ ಮೀರಿದರೆ ಮೊದಲು ಬಿಡಬಹುದಾದದ್ದೂ ಅದೇ. ಬಣ್ಣ ನಿಮ್ಮಿಷ್ಟ.

ಬಿಡಿಭಾಗ ಕೂರುವ ಅಳತೆಗಳಲ್ಲಿ ಮಾತ್ರ ಹೊಸತನಕ್ಕೆ ಆಸೆಪಡಬೇಡಿ. ಬಾಟಮ್ ಬ್ರಾಕೆಟ್ ಸ್ಕ್ರೂ ಹಾಗೆ ತಿರುಗಿಸಿ ಕೂರಿಸುವ ಹಳೆಯ 68 ಮಿ.ಮೀ. ನಮೂನೆಯದೇ ಇರಲಿ, ಒತ್ತಿ ಕೂರಿಸುವುದು ಬೇಡ. ಸೀಟ್ ಪೋಸ್ಟ್ 27.2, ಹಿಂದಿನ ಹಬ್ಬಿನ ಜಾಗ 135 ಮಿ.ಮೀ. ಹೀಗಿದ್ದರೆ ಹತ್ತು ವರ್ಷ ಬಿಟ್ಟು ಏನಾದರೂ ಮುರಿದರೂ ಪಕ್ಕದ ಬೀದಿಯಲ್ಲೇ ರಿಪೇರಿ ಆಗುತ್ತದೆ. ಬಾಟಮ್ ಬ್ರಾಕೆಟ್ ಕೆಳಗೆ ನೀರು ಬಸಿಯಲು ಒಂದು ಸಣ್ಣ ತೂತು, ಪೈಪುಗಳ ಒಳಗೆ ತುಕ್ಕು ನಿರೋಧಕ ಎಣ್ಣೆ, ಎರಡನ್ನೂ ಮೊದಲೇ ಹೇಳಿ.

ದುಡ್ಡು ಕೊಡುವ ಮೊದಲು ಈಗಿನ ಸೈಕಲ್ಲಿನಲ್ಲೇ ಸ್ವಲ್ಪ ಪ್ರಯೋಗ ಮಾಡಿ. ಬಾಗಿದ ಹ್ಯಾಂಡಲ್ ಹಾಕಿಸಿ, ಎತ್ತರಿಸಿ, ಗಿಡ್ಡ ಕ್ರ್ಯಾಂಕ್ ಕೂರಿಸಿ, ಕೆಲವು ವಾರ ಆಫೀಸಿಗೆ ಹೋಗಿಬನ್ನಿ. ಈ ಸಾಮಾನು ವ್ಯರ್ಥವಾಗಲ್ಲ, ಹೊಸ ಸೈಕಲ್‌ಗೆ ಬರುತ್ತದೆ. ನೋವು ಕಡಿಮೆಯಾದ ಭಂಗಿಯಲ್ಲಿ ಬಾಟಮ್ ಬ್ರಾಕೆಟ್‌ನಿಂದ ಸೀಟಿಗೆ, ಸೀಟಿನ ತುದಿಯಿಂದ ಹಿಡಿಕೆಗೆ, ನೆಲದಿಂದ ಹಿಡಿಕೆಗೆ ಎಷ್ಟೆಷ್ಟು ಎಂದು ಅಳೆದು ಬರೆದುಕೊಳ್ಳಿ. ಮಾಡುವವರಿಗೆ ನಿಮ್ಮ ಎತ್ತರ, ತೂಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಆ ಚೀಟಿ.

ಪೈಪು ಕತ್ತರಿಸುವ ಮೊದಲು ಅವರಿಂದ ಪೂರ್ತಿ ಡ್ರಾಯಿಂಗ್ ಕೇಳಿ. ಅದರಲ್ಲಿ ನಿಮ್ಮ ಟೈರು, ಮಡ್‌ಗಾರ್ಡ್, ಕ್ರ್ಯಾಂಕ್, ಶೂ ಎಲ್ಲ ಬರೆದಿರಬೇಕು. ಬರೀ ಫ್ರೇಮ್ ಗೆರೆ ಎಳೆದು ತೋರಿಸಿ ಉಳಿದದ್ದು ಆಮೇಲೆ ನೋಡೋಣ ಎಂದರೆ ಬೇರೆಯವರ ಹತ್ತಿರ ಹೋಗಿ. ಸೈಕಲ್ ಕೈಗೆ ಬಂದಾಗ ಫೋರ್ಕಿನ ಮೇಲ್ತುದಿಯನ್ನು ಉದ್ದವಾಗಿಯೇ ಬಿಟ್ಟು ಕೊಡಲು ಹೇಳಿ, ನೋಡಲು ಸ್ವಲ್ಪ ವಿಚಿತ್ರ ಕಂಡರೂ ಪರವಾಗಿಲ್ಲ. ಒಂದು ತಿಂಗಳು ಬ್ಯಾಗ್ ಸಮೇತ ಓಡಿಸಿ, ಹ್ಯಾಂಡಲ್ ಎತ್ತರ ಇಷ್ಟೇ ಎಂದು ಖಚಿತವಾದ ಮೇಲೆ ಅದನ್ನು ಕತ್ತರಿಸಿಕೊಳ್ಳಿ, ಅದೇ ದಿನ ಸ್ಪೋಕ್‌ಗಳ ಬಿಗಿಯನ್ನೂ ನೋಡಿಸಿ.